ದಿನದ ನಡಿಗೆಯಲ್ಲೇ ಹಕ್ಕಿ, ಅಣಬೆ, ಹುಳಹುಪ್ಪಟೆ ನೋಡಲು ಕಲಿಯುವುದು ಹೇಗೆ?

“ಹಕ್ಕಿ ನೋಡಲು ಶುರು ಮಾಡಬೇಕು, ಯಾವ ಬೈನಾಕ್ಯುಲರ್ ತೆಗೆದುಕೊಳ್ಳಲಿ?” “ನಾನು ನಡೆಯುವ ದಾರಿಯಲ್ಲಿ ಕಾಗೆ, ಪಾರಿವಾಳ ಬಿಟ್ಟರೆ ಬೇರೇನೂ ಇಲ್ಲವಲ್ಲ?” “ಈ ಫೋಟೋದಲ್ಲಿರುವ ಅಣಬೆ ತಿನ್ನಬಹುದಾ?” ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಈ ಮೂರರ ಸುತ್ತಲೇ ಗಿರಕಿ ಹೊಡೆಯುತ್ತವೆ. ಮೂರನೆಯದಕ್ಕೆ ಉತ್ತರ ಒಂದೇ ಮಾತು: ಬೇಡ. ಯಾಕೆ ಅನ್ನುವುದು ಐದನೇ ಹಂತದಲ್ಲಿದೆ. ಮೊದಲೆರಡಕ್ಕೆ ಒಂದೆರಡು ಸಾಲಿನಲ್ಲಿ ಉತ್ತರ ಕೊಟ್ಟರೆ ಮತ್ತೆ ನಾಲ್ಕು ಪ್ರಶ್ನೆ ಹುಟ್ಟುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೊಸಬರು ಎಡವುವುದು ಒಂದೇ ಜಾಗದಲ್ಲಿ. ಕಂಡ ಕ್ಷಣವೇ ಹೆಸರಿನ ಹಿಂದೆ ಬೀಳುತ್ತಾರೆ. ಮೊಬೈಲ್ ತೆಗೆದು, ಆ್ಯಪ್ ತೆರೆದು, ಹೆಸರು ಸಿಕ್ಕಿತು ಅನ್ನುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಅದರ ಕೊಕ್ಕು ಹೇಗಿತ್ತು ಎಂದು ಕೇಳಿದರೆ ನೆನಪಿಲ್ಲ. ಕೆಳಗಿನ ಹಂತಗಳಲ್ಲಿ ಹೆಸರು ಎಂಟನೆಯದಾಗಿ ಬರುವುದು ಇದೇ ಕಾರಣಕ್ಕೆ.

ಏನೇನು ಬೇಕು

ಜೇಬಿಗೆ ಹಿಡಿಸುವ ನೋಟ್‌ಬುಕ್, ಒಂದು ಪೆನ್ಸಿಲ್. ಮಳೆಹನಿ ಬಿದ್ದರೆ ಪೆನ್ನಿನ ಶಾಯಿ ಕದಡುತ್ತದೆ, ಪೆನ್ಸಿಲ್ ಗೀಟು ನಿಲ್ಲುತ್ತದೆ. ಕಣ್ಣಿಗೆ ಹೊಡೆಯದ ಬಣ್ಣದ ಬಟ್ಟೆ, ಸರಸರ ಸದ್ದು ಮಾಡದ ಜಾಕೆಟ್ಟು. ಮೊಬೈಲ್ ಹೇಗೂ ಇರುತ್ತದೆ. ಮೊದಲ ತಿಂಗಳಿಗೆ ಇಷ್ಟೇ ಸಾಕು. ಬೈನಾಕ್ಯುಲರ್ ಕೊಳ್ಳುವ ಆತುರ ಬೇಡ, ಬರಿಗಣ್ಣಿಗೆ ಕಾಣುವುದನ್ನೇ ಮೊದಲು ನೋಡಿ ಮುಗಿಸೋಣ.

ತಿಂಗಳಾದ ಮೇಲೂ ಆಸೆ ಉಳಿದಿದ್ದರೆ 8x42 ಎಂದು ಬರೆದಿರುವ ಬೈನಾಕ್ಯುಲರ್ ನೋಡಿ. 8 ಅಂದರೆ ಎಂಟು ಪಟ್ಟು ಹತ್ತಿರಕ್ಕೆ ತಂದು ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 5.25 ಬರುತ್ತದೆ. ನಿಮ್ಮ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ನಸುಕಿನಲ್ಲಿ ಕಣ್ಣಪಾಪೆ ಅಗಲವಾಗಿರುತ್ತದೆ, ಆಗ ಈ ಬಿಲ್ಲೆ ದೊಡ್ಡದಿದ್ದಷ್ಟೂ ಚಿತ್ರ ಬೆಳಗುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ 8x21ರಲ್ಲಿ ಅದು ಸುಮಾರು 2.6 ಮಿ.ಮೀ. ಮಾತ್ರ. ಹಗಲಿಗೆ ಸರಿ, ಮರದ ನೆರಳಿಗೆ ಕತ್ತಲು. ಇನ್ನು “20 ಪಟ್ಟು ಜೂಮ್” ಎಂಬ ಜಾಹೀರಾತಿಗೆ ಮರುಳಾಗಬೇಡಿ. ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟಾಗುತ್ತದೆ.

ನನ್ನನ್ನು ಕೇಳಿದರೆ, ಬೈನಾಕ್ಯುಲರಿಗಿಂತ ಮೊದಲು ಕೊಳ್ಳಬೇಕಾದ್ದು ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಮಡಿಸುವ ಭೂತಗನ್ನಡಿ. ಅದನ್ನು ಪತ್ತೇದಾರನ ಹಾಗೆ ತೋಳುದ್ದ ಹಿಡಿಯಬಾರದು. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನೋಡಬೇಕಾದ ಎಲೆಯನ್ನೋ ತೊಗಟೆಯ ಚೂರನ್ನೋ ಗಾಜಿನಿಂದ ಎರಡೂವರೆ ಸೆಂಟಿಮೀಟರಿನಷ್ಟು ಸಮೀಪಕ್ಕೆ ತರಬೇಕು.

ಹಂತ 1: ಒಂದೇ ದಾರಿ ಹಿಡಿಯಿರಿ

ಒಂದು ಕಿಲೋಮೀಟರ್ ಸಾಕು, ಅರ್ಧವಾದರೂ ನಡೆದೀತು. ವಾರಕ್ಕೆ ಮೂರು ನಾಲ್ಕು ಸಲ ಅದೇ ದಾರಿಯಲ್ಲಿ ನಡೆಯಿರಿ. ದಿನಕ್ಕೊಂದು ಹೊಸ ಜಾಗಕ್ಕೆ ಹೋಗುವವರಿಗೆ ಎಲ್ಲವೂ ಹೊಸದಾಗಿ ಕಾಣುತ್ತದೆ, ಹಾಗಾಗಿ ಯಾವುದು ಮಾಮೂಲಿ, ಯಾವುದು ವಿಶೇಷ ಎಂಬ ಅಂದಾಜು ಸಿಗುವುದೇ ಇಲ್ಲ. ಒಂದೇ ದಾರಿಯಲ್ಲಿ ಓಡಾಡುವವರಿಗೆ ತಂತಿಯ ಮೇಲೆ ದಿನವೂ ಕೂರುತ್ತಿದ್ದ ಕಾಜಾಣ ಇವತ್ತು ಇಲ್ಲ ಎನ್ನುವುದೂ ಸುದ್ದಿಯೇ.

ದಾರಿ ಆರಿಸುವಾಗ ಚೊಕ್ಕಟವಾದ ಉದ್ಯಾನಕ್ಕಿಂತ ಯಾರೂ ಗಮನ ಕೊಡದ ಅಂಚುಗಳಿಗೆ ಮಹತ್ವ ಕೊಡಿ. ಪೊದೆ ಮುಗಿದು ಬಯಲು ಶುರುವಾಗುವಲ್ಲಿ, ನೀರು ನೆಲಕ್ಕೆ ತಾಗುವಲ್ಲಿ ಎರಡೂ ಕಡೆಯ ಜೀವಿಗಳು ಸಿಗುತ್ತವೆ. ದಾರಿಯಲ್ಲಿ ಒಂದು ಹಳೆಯ ಮರ, ಬಿದ್ದು ಕೊಳೆಯುತ್ತಿರುವ ಒಂದು ದಿಮ್ಮಿ, ಪಾಚಿ ಹಿಡಿದ ಒಂದು ಗೋಡೆ, ನೀರು ನಿಲ್ಲುವ ಒಂದು ತಗ್ಗು ಇದ್ದರೆ ನಿಮಗೆ ವರ್ಷಕ್ಕಾಗುವಷ್ಟು ಕೆಲಸವಿದೆ.

ಎಚ್ಚರಿಕೆ: ಬೇರೆಯವರ ಜಾಗಕ್ಕೆ ಕೇಳದೆ ನುಗ್ಗಬೇಡಿ. ಬೈನಾಕ್ಯುಲರ್ ಕೊಂಡ ಮೇಲೆ ಮನೆಗಳ ಕಿಟಕಿಯತ್ತ ಅದನ್ನು ತಿರುಗಿಸಲೇಬೇಡಿ, ಕಿಟಕಿಯ ಮೇಲೆ ಎಂಥಾ ಹಕ್ಕಿ ಕೂತಿದ್ದರೂ ಸರಿ. ಒಳಗಿರುವವರಿಗೆ ಕಾಣುವುದು ನೀವು, ಹಕ್ಕಿಯಲ್ಲ.

ಹಂತ 2: ಹೊತ್ತು ಗೊತ್ತು ಮಾಡಿಕೊಳ್ಳಿ

ಹಕ್ಕಿಗಳಿಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಓತಿಕ್ಯಾತಗಳು ಅಷ್ಟು ಬೇಗ ಏಳುವುದಿಲ್ಲ. ಅವುಗಳ ಮೈಗೆ ಬಿಸಿಲೇ ಶಾಖ ಕೊಡಬೇಕು, ಹಾಗಾಗಿ ಬಿಸಿಲು ಏರಿದ ಮೇಲೆ ಬನ್ನಿ. ಪತಂಗಗಳು ಬೇಕಿದ್ದರೆ ರಾತ್ರಿಯೆಲ್ಲ ದೀಪ ಉರಿದ ಗೋಡೆಯನ್ನು ಬೆಳಗಾಗುತ್ತಲೇ, ಹಕ್ಕಿಗಳು ಬಂದು ಹೆಕ್ಕಿ ತಿನ್ನುವ ಮೊದಲು ನೋಡಿ. ಅಣಬೆಗೆ ಗಂಟೆಯ ಲೆಕ್ಕವಿಲ್ಲ, ದಿನದ ಲೆಕ್ಕ. ಚೆನ್ನಾಗಿ ಮಳೆಯಾದ ಎರಡನೇ ದಿನದಿಂದ ಒಂದು ವಾರದವರೆಗೆ ಕಣ್ಣಿಟ್ಟಿರಿ.

ಮಧ್ಯಾಹ್ನವೇ ನಿಮಗೆ ಬಿಡುವಾದರೆ ಬೇಸರ ಬೇಡ. ಹಕ್ಕಿ ಮೌನವಾಗಿರುವ ಹೊತ್ತು ಜೇಡ ಮತ್ತು ತೊಗಟೆ ನೋಡಲು ಒಳ್ಳೆಯದು.

ಹಂತ 3: ನಡಿಗೆ ನಿಲ್ಲಿಸಿ

ನೂರು ಹೆಜ್ಜೆಗೊಮ್ಮೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಮೊದಲ ನಿಮಿಷ ಏನೂ ಆಗುವುದಿಲ್ಲ. ನಿಮ್ಮನ್ನು ಕಂಡು ಅಡಗಿದ್ದವು ಎರಡನೇ ನಿಮಿಷದಲ್ಲಿ ತಮ್ಮ ಕೆಲಸಕ್ಕೆ ಮರಳುತ್ತವೆ. ಆಗ ಹಕ್ಕಿಯನ್ನು ಹುಡುಕಬೇಡಿ, ಅಲುಗಾಟವನ್ನು ಹುಡುಕಿ. ಗಾಳಿಯಿಲ್ಲದಾಗ ಒಂದೇ ಕೊಂಬೆ ಅಲ್ಲಾಡಿದರೆ ಅಲ್ಲೊಬ್ಬರಿದ್ದಾರೆ ಎಂದರ್ಥ. ಎರಡೂ ಕೈಯನ್ನು ಬೊಗಸೆ ಮಾಡಿ ಕಿವಿಯ ಹಿಂದೆ ಹಿಡಿದರೆ ಎದುರಿನ ಸದ್ದು ಒಮ್ಮೆಲೇ ಜೋರಾಗುತ್ತದೆ. ನೋಡುವವರು ನಕ್ಕಾರು, ನಗಲಿ.

ಸದ್ದುಗಳಲ್ಲಿ ಮೊದಲು ಕಲಿಯಬೇಕಾದ್ದು ಹಾಡನ್ನಲ್ಲ, ಬೈಗುಳವನ್ನು. ನಾಲ್ಕಾರು ಬಗೆಯ ಸಣ್ಣ ಹಕ್ಕಿಗಳು ಒಂದೇ ಕೊಂಬೆಯ ಸುತ್ತ ಹಾರಾಡುತ್ತ ಒಂದೇ ಸಮನೆ ಕಿರುಚುತ್ತಿದ್ದರೆ, ಅಳಿಲೂ ಜೊತೆಗೆ ಚಿಕ್ ಚಿಕ್ ಎನ್ನುತ್ತಿದ್ದರೆ, ಅಲ್ಲೊಂದು ಗೂಬೆಯೋ ಹಾವೋ ಬೆಕ್ಕೋ ಕೂತಿದೆ. ಶತ್ರುವನ್ನು ಗುಂಪುಗೂಡಿ ಗದರಿಸಿ ಓಡಿಸುವ ವರ್ತನೆ ಇದು. ಹಗಲಲ್ಲಿ ಗೂಬೆ ನೋಡಬೇಕೆಂದರೆ ಕೊಂಬೆಕೊಂಬೆ ತಡಕುವ ಬದಲು ಈ ಗಲಾಟೆಗೆ ಕಿವಿ ಕೊಡಿ.

ಹಂತ 4: ಹಕ್ಕಿ ಕಂಡಿತು, ಈಗ ಏನು ನೋಡಬೇಕು?

ಐದು ಪ್ರಶ್ನೆ, ಇದೇ ಸರದಿಯಲ್ಲಿ. ಗಾತ್ರ ಎಷ್ಟು? ಆಕಾರ ಹೇಗೆ? ಏನು ಮಾಡುತ್ತಿದೆ? ಎಲ್ಲಿದೆ? ಕೊನೆಗೆ ಬಣ್ಣ.

ಗಾತ್ರವನ್ನು ಸೆಂಟಿಮೀಟರಿನಲ್ಲಿ ಅಳೆಯಲು ಹೋಗಬೇಡಿ, ತಪ್ಪುತ್ತೀರಿ. ಗುಬ್ಬಚ್ಚಿ, ಗೊರವಂಕ (ಮೈನಾ ಅಂದರೂ ಅದೇ), ಕಾಗೆ ಈ ಮೂರನ್ನು ಅಳತೆಗೋಲು ಮಾಡಿಕೊಳ್ಳಿ. “ಗುಬ್ಬಚ್ಚಿಗಿಂತ ಚಿಕ್ಕದು”, “ಗೊರವಂಕಕ್ಕೂ ಕಾಗೆಗೂ ನಡುವೆ” ಎಂದರೆ ಸಾಕು.

ಆಕಾರದಲ್ಲಿ ಕೊಕ್ಕೇ ಮುಖ್ಯ. ದಪ್ಪ ಮೊಂಡು ಕೊಕ್ಕು ಕಾಳು ಒಡೆಯುವವರದು, ಸೂಜಿಯಂತೆ ಸಣ್ಣಗಿರುವುದು ಹುಳ ಹೆಕ್ಕುವವರದು, ಉದ್ದಕ್ಕೆ ಬಾಗಿದ್ದರೆ ಹೂವಿನ ಮಕರಂದಕ್ಕೋ ಕೆಸರಿಗೋ ಇಳಿಯುವವರದು, ಕೊಕ್ಕೆಯಂತಿದ್ದರೆ ಮಾಂಸ ಹರಿಯುವವರದು. ಆಮೇಲೆ ಬಾಲ ನೋಡಿ: ಉದ್ದವೇ ಗಿಡ್ಡವೇ, ತುದಿ ಕವಲೊಡೆದಿದೆಯೇ ದುಂಡಗಿದೆಯೇ.

ವರ್ತನೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಸಂಜೆ ಆಕಾಶದಲ್ಲಿ ಸರ್ರನೆ ಸುತ್ತುವ ಸಣ್ಣ ಕಪ್ಪು ಹಕ್ಕಿಗಳಲ್ಲಿ ಕವಲುತೋಕೆ ಯಾವುದು, ಬಾನಾಡಿ ಯಾವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ತಂತಿಯ ಮೇಲೆ ಬಂದು ಸಾಲಾಗಿ ಕೂತರೆ ಅದು ಕವಲುತೋಕೆ. ಬಾನಾಡಿಯ ಕಾಲು ತಂತಿ ಹಿಡಿದು ಕೂರುವುದಕ್ಕೆ ಆಗಿಬರುವುದಿಲ್ಲ, ಅದು ಗೋಡೆಗೋ ಬಂಡೆಗೋ ಉಗುರು ಸಿಕ್ಕಿಸಿ ನೇತಾಡಬೇಕು. ಬಣ್ಣದ ಗೊಡವೆಯೇ ಇಲ್ಲದೆ ಲೆಕ್ಕ ಚುಕ್ತಾ.

ಬಣ್ಣವನ್ನು ಕೊನೆಗಿಟ್ಟಿದ್ದೇಕೆ? ಬೆಳಕು ಹಕ್ಕಿಯ ಹಿಂದಿದ್ದರೆ ಎಲ್ಲ ಹಕ್ಕಿಯೂ ಕಪ್ಪು. ಸೂರಕ್ಕಿಯ ಗಂಡಿನ ಮೈ ಒಂದು ಕೋನದಲ್ಲಿ ಮಸಿ, ತುಸು ತಿರುಗಿದರೆ ನೇರಳೆ ಮಿಂಚು. ಅಷ್ಟೇ ಅಲ್ಲ, ಒಂದೇ ಜಾತಿಯಲ್ಲಿ ಗಂಡು, ಹೆಣ್ಣು, ಮರಿ ಬೇರೆಬೇರೆ ಬಣ್ಣದಲ್ಲಿರುತ್ತವೆ. ಕೋಗಿಲೆಯ ಗಂಡು ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣಿಗೆ ಕಂದು ಮೈ ತುಂಬ ಬಿಳಿ ಚುಕ್ಕೆ. ಆ ಹೆಣ್ಣಿನ ಫೋಟೋ ಕಳಿಸಿ “ಇದ್ಯಾವ ಹೊಸ ಹಕ್ಕಿ?” ಎನ್ನುವವರು ಎಷ್ಟು ಜನವೋ. ಗರಿ ಉದುರಿ ಹೊಸದು ಬರುವ ಕಾಲದಲ್ಲಂತೂ ಹಕ್ಕಿಯ ಚಹರೆಯೇ ಕೆಟ್ಟಿರುತ್ತದೆ. ತಲೆಯ ಗರಿಯೆಲ್ಲ ಉದುರಿ ಹಳದಿ ಚರ್ಮ ಕಾಣುತ್ತಿದ್ದ ಗೊರವಂಕವನ್ನು ನಾನು ಮೂರು ದಿನ ಅಪರೂಪದ ಅತಿಥಿಯೆಂದು ಬರೆದುಕೊಂಡಿದ್ದೆ. ನಾಲ್ಕನೇ ದಿನ ಅದು ತನ್ನ ಮಾಮೂಲಿ ದನಿಯಲ್ಲಿ ಕೂಗಿದಾಗ ಪೆನ್ಸಿಲ್ಲಿನ ಹಿಂಬದಿಯ ರಬ್ಬರಿಗೆ ಕೆಲಸ ಬಂತು.

ಬೈನಾಕ್ಯುಲರ್ ಇದ್ದರೆ ಎತ್ತುವ ಕ್ರಮ ಹೀಗೆ: ಹಕ್ಕಿಯ ಮೇಲಿನ ದೃಷ್ಟಿ ತೆಗೆಯದೆ, ತಲೆ ಅಲ್ಲಾಡಿಸದೆ, ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಕೆಳಗೆ ಬಗ್ಗಿ ಅದನ್ನು ನೋಡಿ ಎತ್ತಿದರೆ ಎಲೆಗಳಷ್ಟೇ ಸಿಗುತ್ತವೆ. ಕನ್ನಡಕದವರು ಕಣ್ಣಿನ ಬದಿಯ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿಕೊಳ್ಳಿ, ಇಲ್ಲವಾದರೆ ನಡುವೆ ಒಂದು ಸಣ್ಣ ಕಿಂಡಿಯಷ್ಟೇ ಕಾಣುತ್ತದೆ. ಎರಡು ಕಣ್ಣಿನ ನೋಟ ಹೊಂದದಿದ್ದರೆ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ ಬಲ ಕೊಳವೆಯ ಉಂಗುರ ತಿರುಗಿಸಿ. ಒಮ್ಮೆ ಮಾಡಿದರೆ ಸಾಕು, ಆಮೇಲೆ ನಡುವಿನ ಚಕ್ರ ಮಾತ್ರ.

ಎಚ್ಚರಿಕೆಗಳು: ಬೈನಾಕ್ಯುಲರಿನಿಂದ ಸೂರ್ಯನನ್ನು ಅಪ್ಪಿತಪ್ಪಿಯೂ ನೋಡಬೇಡಿ, ಕಣ್ಣು ಶಾಶ್ವತವಾಗಿ ಹೋಗಬಹುದು. ಆಕಾಶದಲ್ಲಿ ಹದ್ದನ್ನು ಹಿಂಬಾಲಿಸುವಾಗಲೇ ಈ ಅಪಾಯ ಹೆಚ್ಚು. ಹಕ್ಕಿ ಹತ್ತಿರ ಬರಲೆಂದು ಮೊಬೈಲಿನಲ್ಲಿ ಅದರದೇ ಕೂಗನ್ನು ಹಾಕುವುದೂ ಬೇಡ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದನೆಂದು ಅದು ಮೇವು, ಮರಿ ಎಲ್ಲ ಬಿಟ್ಟು ಓಡಿಬರುತ್ತದೆ. ನಿಮಗೆ ಫೋಟೋ, ಅದಕ್ಕೆ ದಂಡ.

ಹಂತ 5: ಅಣಬೆಯ ಮುಂದೆ ಮಂಡಿಯೂರಿ

ಹಕ್ಕಿ ಹಾರಿಹೋಗುತ್ತದೆ, ಅಣಬೆ ಕಾಯುತ್ತದೆ. ಕಲಿಯುವವರಿಗೆ ಇಷ್ಟು ತಾಳ್ಮೆಯ ಮೇಷ್ಟ್ರು ಬೇರೆ ಸಿಗುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನೀವು ಅಣಬೆ ಎಂದು ಕರೆಯುವುದು ಇಡೀ ಜೀವಿಯಲ್ಲ, ಅದರ ಹಣ್ಣಿದ್ದಂತೆ. ಜೀವಿ ಇರುವುದು ಮಣ್ಣಿನಲ್ಲೋ ಮರದೊಳಗೋ, ಬಿಳಿ ನೂಲಿನ ಎಳೆಗಳ ಜಾಲವಾಗಿ. ಇದಕ್ಕೆ ಮೈಸೀಲಿಯಂ ಎನ್ನುತ್ತಾರೆ. ಕೊಳೆತ ಎಲೆಯ ಪದರ ಎತ್ತಿದಾಗ ಜೇಡರಬಲೆಯಂತೆ ಕಾಣುತ್ತದಲ್ಲ, ಅದೇ. ಮೇಲೆ ಬರುವ ಕೊಡೆಯ ಕೆಲಸ ಬೀಜಕಗಳನ್ನು, ಅಂದರೆ ಧೂಳಿನಷ್ಟು ಸಣ್ಣ ಬೀಜದಂಥ ಕಣಗಳನ್ನು, ಗಾಳಿಗೆ ಬಿಡುವುದು. ಇನ್ನು ಶಿಲೀಂಧ್ರಗಳು ಗಿಡಗಳ ಪೈಕಿಯೂ ಅಲ್ಲ. ಅವುಗಳ ಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವೇ ಜೀರುಂಡೆಯ ಚಿಪ್ಪಿನಲ್ಲೂ ಇರುವುದು.

ನೋಡಬೇಕಾದ್ದು ಏನೇನು ಅಂದರೆ, ಮೊದಲು ಅದು ಯಾವುದರ ಮೇಲೆ ಬೆಳೆದಿದೆ: ಬದುಕಿರುವ ಮರವೇ, ಸತ್ತ ದಿಮ್ಮಿಯೇ, ಬರೀ ಮಣ್ಣೇ, ಸಗಣಿಯೇ, ಹುತ್ತವೇ. ಫೋಟೋ ಕಳಿಸುವ ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಹೇಳುವುದೇ ಇಲ್ಲ. ಎರಡನೆಯದು ಕೊಡೆಯ ಅಡಿ. ಅಲ್ಲಿ ಪುಸ್ತಕದ ಹಾಳೆಗಳಂಥ ಸಾಲು ಪದರವಿದೆಯೇ, ಸೂಜಿಯಿಂದ ಚುಚ್ಚಿದಂಥ ತೂತುಗಳಿವೆಯೇ, ಮುಳ್ಳುಗಳೇ, ನುಣುಪೇ? ಪದರವನ್ನು ಗಿಲ್ ಎಂದೂ ತೂತನ್ನು ಪೋರ್ ಎಂದೂ ಕರೆಯುವುದು ವಾಡಿಕೆ. ಮೂರನೆಯದು ಕಾಂಡ: ಅದರ ಸುತ್ತ ಹರಿದ ಬಟ್ಟೆಯಂಥ ಉಂಗುರವಿದೆಯೇ, ಬುಡದಲ್ಲಿ ಮೊಟ್ಟೆಯ ಚಿಪ್ಪಿನಂಥ ಚೀಲವಿದೆಯೇ? ಈ ಚೀಲ ಎಷ್ಟೋ ಸಲ ಮಣ್ಣಿನಡಿ ಹುದುಗಿರುತ್ತದೆ, ಕಾಂಡ ಮುರಿದು ಕಿತ್ತರೆ ತಪ್ಪಿಹೋಗುತ್ತದೆ.

ಅಡಿಭಾಗ ನೋಡಲು ಕೀಳಲೇಬೇಕೆಂದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ನೆಲದ ಮೇಲೆ ಅಂಗಾತ ಇಟ್ಟು ಕೊಡೆಯ ಕೆಳಗೆ ತಳ್ಳಿ. ಪರದೆಯಲ್ಲೇ ಪದರ ಕಾಣುತ್ತದೆ, ಒತ್ತಿದರೆ ಫೋಟೋ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅಡಿಯಿಂದ ಒಂದು, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಈ ಮೂರು ಫೋಟೋ ಇಲ್ಲದೆ ಗುರುತು ಕೇಳಬೇಡಿ, ಹೇಳಲು ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಬೀಜಕದ ಅಚ್ಚು. ಬಲಿತ ಒಂದು ಅಣಬೆಯ ಕೊಡೆಯನ್ನಷ್ಟೇ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು, ಮೇಲೆ ಗಾಜಿನ ಲೋಟ ಮಗುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿದರೆ ಚಕ್ರದ ಅರಗಳ ಹಾಗೆ ಪುಡಿಯ ಗೆರೆಗಳು ಮೂಡಿರುತ್ತವೆ. ಅದು ಬಿಳಿಯೇ, ಗುಲಾಬಿಯೇ, ಕಂದೇ, ಕಪ್ಪೇ ಎನ್ನುವುದು ಕೊಡೆಯ ಬಣ್ಣಕ್ಕಿಂತ ನಂಬಿಕೆಗೆ ಅರ್ಹ. ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣದು, ಎರಡು ಬಣ್ಣದ ಕಾಗದ ಅದಕ್ಕೇ.

ಎಲ್ಲಿಂದ ಶುರು ಮಾಡಲಿ ಎನ್ನುವವರು ಸ್ಕಿಝೊಫಿಲಮ್ ಕಮ್ಯೂನ್ ಎಂಬ ಅಣಬೆ ಹುಡುಕಿ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಸತ್ತ ಕೊಂಬೆಗಳ ಮೇಲೆ ಇದೆ. ಉಗುರಿನಗಲದ ಬೀಸಣಿಗೆ, ಮೇಲೆ ಬೂದು ಬಿಳುಪಿನ ನವಿರು ರೋಮ, ಕಾಂಡ ಇಲ್ಲವೆಂದರೂ ನಡೆಯುತ್ತದೆ. ಅಡಿಯ ಪದರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಒಂದೊಂದು ಪದರವೂ ಉದ್ದಕ್ಕೆ ಸೀಳಿಕೊಂಡು ಎರಡೂ ಅಂಚು ಆಚೀಚೆ ಸುರುಳಿಯಾಗಿರುತ್ತದೆ. ಒಣಹವೆಯಲ್ಲಿ ಹೀಗೆ ಮುದುಡಿ ಬೀಜಕ ಹೊರುವ ಭಾಗವನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಕೊಂಬೆಯ ಚೂರನ್ನು ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಕೆಲವು ಗಂಟೆಗಳಲ್ಲಿ ಸುರುಳಿ ಬಿಚ್ಚಿಕೊಂಡು ಪದರ ನೇರವಾಗುತ್ತದೆ. ಒಣಗಿ ಮರದ ಚಕ್ಕೆಯಂತಾಗಿದ್ದದ್ದು ಮತ್ತೆ ಬೀಜಕ ಉದುರಿಸಲು ತಯಾರು.

ಇನ್ನೆರಡು: ಬೆಳಿಗ್ಗೆ ಗಂಟೆಯಾಕಾರದಲ್ಲಿ ನೆಟ್ಟಗೆ ನಿಂತು ಸಂಜೆಗೆ ಕಪ್ಪು ಮಸಿಯಾಗಿ ತೊಟ್ಟಿಕ್ಕುವವು ಶಾಯಿಕೊಡೆಗಳು, ತಮ್ಮನ್ನು ತಾವೇ ಕರಗಿಸಿಕೊಳ್ಳುತ್ತವೆ. ಕೊಳೆಯುವ ಕಡ್ಡಿಯ ಮೇಲೆ ಮೊಟ್ಟೆಯಿಟ್ಟ ಗುಬ್ಬಿಗೂಡಿನಂಥ ಕಾಳಿನಗಲದ ಬಟ್ಟಲು ಕಂಡರೆ ಅದು ಹಕ್ಕಿಗೂಡು ಶಿಲೀಂಧ್ರ. ಮಳೆಹನಿ ಬಟ್ಟಲೊಳಗೆ ಬಿದ್ದ ರಭಸಕ್ಕೆ ಆ “ಮೊಟ್ಟೆ” ಚಿಮ್ಮಿ ಒಂದು ಮೀಟರಿನ ಆಸುಪಾಸಿಗೆ ಹೋಗಿ ಬೀಳುತ್ತದೆ. ಅದರೊಳಗೆ ಬೀಜಕ.

ಈಗ ತಿನ್ನುವ ಪ್ರಶ್ನೆ. ಫೋಟೋ ನೋಡಿ, ಆ್ಯಪ್ ಕೇಳಿ, ಈ ಲೇಖನ ಓದಿ ಯಾವ ಕಾಡು ಅಣಬೆಯನ್ನೂ ತಿನ್ನಬೇಡಿ. ಅಮಾನಿಟಾ ಫ್ಯಾಲಾಯ್ಡಿಸ್ ಎಂಬ ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದ ಮೇಲೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ, ನಡುವೆ ಒಂದು ದಿನ ವಾಸಿಯಾದಂತೆ ಅನಿಸಿ, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಸಿಪ್ಪೆ ಸುಲಿದು ಬಂದರೆ ಒಳ್ಳೆಯದು ಎಂಬ ಮಾತುಗಳೆಲ್ಲ ಸುಳ್ಳು. ಮನುಷ್ಯರನ್ನು ಕೊಲ್ಲುವ ಅಣಬೆಯನ್ನು ಗೊಂಡೆಹುಳು ಆರಾಮಾಗಿ ತಿನ್ನುತ್ತದೆ. ಯಾರಾದರೂ ತಿಂದುಬಿಟ್ಟಿದ್ದರೆ ಲಕ್ಷಣಕ್ಕೆ ಕಾಯದೆ, ಉಳಿದ ಅಣಬೆಯ ಸಮೇತ ಆಸ್ಪತ್ರೆಗೆ ಹೋಗಿ. ಮುಟ್ಟುವ ಬಗ್ಗೆ ಹೆದರಬೇಕಿಲ್ಲ, ತೀರಾ ಅಪರೂಪದ ಜಾತಿ ಬಿಟ್ಟರೆ ಮುಟ್ಟಿದ್ದಕ್ಕೆ ವಿಷ ಏರುವುದಿಲ್ಲ. ಕೈ ತೊಳೆದುಕೊಂಡರಾಯಿತು.

ಹಂತ 6: ಸಣ್ಣವರು ಮತ್ತು ಬಿಟ್ಟುಹೋದ ಕುರುಹುಗಳು

ಜೀವಿ ಸಿಗದ ದಿನ ಅದರ ಕುರುಹು ಸಿಗುತ್ತದೆ. ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ನಯವಾದ ಅರ್ಧವೃತ್ತ ಕಂಡರೆ ಕಂಬಳಿಹುಳುವನ್ನು ಬೈಯಬೇಡಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ, ಆ ಬಿಲ್ಲೆಗಳಿಂದ ಮರಿಯ ಕೋಣೆಗೆ ಒಳಗೋಡೆ ಕಟ್ಟುತ್ತದೆ. ಒಣ ಮಣ್ಣಿನಲ್ಲಿ ಆಲಿಕೆಯಂಥ ಗುಂಡಿಗಳಿದ್ದರೆ ತಳದಲ್ಲಿ ಇರುವೆಸಿಂಹದ ಮರಿ ಬಾಯಿ ತೆರೆದು ಕೂತಿದೆ. ಹುಲ್ಲಿನ ಕಾಂಡದ ಮೇಲೆ ಉಗುಳಿನಂಥ ನೊರೆ ಯಾರೂ ಉಗಿದದ್ದಲ್ಲ, ಒಳಗೆ ರಸ ಹೀರುವ ಪುಟ್ಟ ಕೀಟವಿದೆ. ಮರದ ಬುಡದಲ್ಲಿ ಸುಣ್ಣ ಚೆಲ್ಲಿದಂತೆ ಹಿಕ್ಕೆ, ಪಕ್ಕದಲ್ಲಿ ಬೆರಳುದ್ದದ ಬೂದು ಉಂಡೆಗಳಿದ್ದರೆ ಮೇಲೆ ಗೂಬೆಯಿರಬಹುದು. ನುಂಗಿದ ಇಲಿಯ ರೋಮ, ಎಲುಬುಗಳನ್ನು ಅದು ಹೀಗೆ ಉಂಡೆ ಕಟ್ಟಿ ಉಗುಳುತ್ತದೆ. ಬರಿಗೈಯಲ್ಲಿ ಬಿಡಿಸಬೇಡಿ.

ಸಾಲಾಗಿ ಹೋಗುವ ಇರುವೆಗಳ ಪಕ್ಕದಲ್ಲಿ ಒಂಟಿಯಾಗಿ ಓಡಾಡುವ ಇರುವೆ ಕಂಡರೆ ಕಾಲು ಎಣಿಸಿ. ಆರಿದ್ದರೆ ಇರುವೆ. ಎಂಟಿದ್ದರೆ, ಮುಂದಿನ ಎರಡನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಿದ್ದರೆ, ಅದು ಇರುವೆಯ ವೇಷದ ಜೇಡ. ಬೆರಳು ಹತ್ತಿರ ತಂದರೆ ಇರುವೆ ಮಾಡದ ಕೆಲಸ ಮಾಡುತ್ತದೆ, ನೂಲು ಬಿಟ್ಟು ಕೆಳಕ್ಕೆ ಜಾರುತ್ತದೆ.

ಕಲ್ಲು ಎತ್ತುವುದಕ್ಕೂ ಕ್ರಮವಿದೆ. ನಿಮ್ಮಿಂದ ದೂರದ ಅಂಚನ್ನು ಕೋಲಿನಿಂದ ನಿಮ್ಮ ಕಡೆಗೆ ಎತ್ತಿ. ಒಳಗೆ ಹಾವೋ ಚೇಳೋ ಇದ್ದರೆ ಕಲ್ಲು ನಡುವೆ ಅಡ್ಡ ಇರುತ್ತದೆ, ಅದು ಆಚೆಗೆ ಹೋಗುತ್ತದೆ. ನೋಡಿದ ಮೇಲೆ ಇದ್ದ ಹಾಗೇ ಮುಚ್ಚಿ. ತೇವವೇ ಅಲ್ಲಿನವರ ಮನೆ, ತೆರೆದಿಟ್ಟರೆ ಒಣಗಿ ಸಾಯುತ್ತವೆ. ಪೊಟರೆಗೆ, ದಿಮ್ಮಿಯ ಸಂದಿಗೆ ಕೈ ಹಾಕಬೇಡಿ. ಸತ್ತ ಹಕ್ಕಿ, ಬಾವಲಿಗಳನ್ನು ಮುಟ್ಟಬೇಡಿ.

ಹಂತ 7: ಅಲ್ಲೇ ಬರೆಯಿರಿ

ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ದಾರಿಯಲ್ಲೇ ನೆನಪು ಬಣ್ಣ ಬದಲಿಸುತ್ತದೆ. ನನ್ನ ಪುಸ್ತಕದ ಒಂದು ನಮೂದು ಹೀಗಿದೆ: “ಬೆಳಿಗ್ಗೆ 6:40, ಮೋಡ. ಗುಬ್ಬಚ್ಚಿಗಿಂತ ಉದ್ದ, ಗೊರವಂಕಕ್ಕಿಂತ ಸಪೂರ. ತೆಳು ಕೊಕ್ಕು. ನೀರಂಚಿನ ಕಲ್ಲಿನ ಮೇಲೆ ಓಟ, ನಿಂತಾಗಲೆಲ್ಲ ಬಾಲ ಮೇಲೆ ಕೆಳಗೆ. ಹಾರಿದ್ದು ಅಲೆಅಲೆಯಾಗಿ. ಹೊಟ್ಟೆ ಹಳದಿ? ಬೆಳಕು ಸಾಲದು.” ಹೆಸರಿಲ್ಲ, ಫೋಟೋ ಇಲ್ಲ. ಆದರೂ ಬಲ್ಲವರು ಯಾರಿಗೆ ಓದಿ ಹೇಳಿದರೂ ಕುಂಡೆಕುಸ್ಕ ಎನ್ನುತ್ತಾರೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಕಂಡಿದ್ದು ಬೇರೆ, ಕಂಡಂತೆ ಅನಿಸಿದ್ದು ಬೇರೆ ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಹಂತ 8: ಈಗ ಹೆಸರು

ಹಕ್ಕಿಗಳಿಗೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಇದೆ, ಉಚಿತ. ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಏನು ಮಾಡುತ್ತಿತ್ತು ಎಂದು ನಾಲ್ಕನೇ ಹಂತದ ಪ್ರಶ್ನೆಗಳನ್ನೇ ಅದೂ ಕೇಳುತ್ತದೆ. 2021ರಿಂದ ಕೂಗು ಕೇಳಿ ಗುರುತಿಸುವ ಸೌಲಭ್ಯವೂ ಬಂದಿದೆ. ಇಲ್ಲೊಂದು ಗುಂಡಿಯಿದೆ, ಬೀಳಬೇಡಿ: ಕಾಜಾಣದಂಥ ಹಕ್ಕಿಗಳು ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತವೆ, ಆ್ಯಪ್ ಮೋಸಹೋಗುತ್ತದೆ. ಪರದೆಯಲ್ಲಿ ಹೆಸರು ಬಂತೆಂದು ಪಟ್ಟಿಗೆ ಸೇರಿಸದೆ, ಆ ದಿಕ್ಕಿಗೆ ತಿರುಗಿ ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಸೇರಿಸಿ.

ಅಣಬೆ, ಕೀಟ, ಗಿಡ ಎಲ್ಲಕ್ಕೂ ಐನ್ಯಾಚುರಲಿಸ್ಟ್ ಎಂಬ ಆ್ಯಪ್ ಇದೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿದ್ದು. ಫೋಟೋ ಹಾಕಿದರೆ ಯಂತ್ರ ಒಂದು ಊಹೆ ಕೊಡುತ್ತದೆ, ಆಮೇಲೆ ಮನುಷ್ಯರು ಬಂದು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಕನಿಷ್ಠ ಇಬ್ಬರು ಗುರುತಿಸಿ, ಅವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಜಾತಿ ಎಂದಾಗ ದಾಖಲೆಗೆ “ಸಂಶೋಧನಾ ದರ್ಜೆ” ಸಿಗುತ್ತದೆ. ಅಣಬೆಗಳಲ್ಲಿ ಬಹಳಷ್ಟು ಸಲ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ, ಸೂಕ್ಷ್ಮದರ್ಶಕವಿಲ್ಲದೆ ಮುಂದೆ ಹೋಗಲಾಗದು. “ಇಷ್ಟೇ ಗೊತ್ತು” ಎಂದು ನಿಲ್ಲಿಸುವುದು ಸೋಲಲ್ಲ, ತಪ್ಪು ಹೆಸರಿಗಿಂತ ಅದೆಷ್ಟೋ ವಾಸಿ.

ವೈಜ್ಞಾನಿಕ ಹೆಸರು ಕಂಡು ಗಾಬರಿಯಾಗಬೇಡಿ. ಎರಡು ಪದ, ಮೊದಲನೆಯದು ಕುಲ, ಎರಡನೆಯದು ಜಾತಿ. ಗುಬ್ಬಚ್ಚಿಗೆ ಪ್ಯಾಸರ್ ಡೊಮೆಸ್ಟಿಕಸ್. ಊರಿಗೊಂದು ಹೆಸರಿರುವ ಹಕ್ಕಿಗೂ ಇದು ಒಂದೇ, ಹುಡುಕುವಾಗ ಗೊಂದಲವಿಲ್ಲ.

ಹಂತ 9: ದಾಖಲೆ ಹಂಚಿಕೊಳ್ಳುವಾಗ

2002ರಲ್ಲಿ ಶುರುವಾದ ಇಬರ್ಡ್ ಎಂಬ ಜಾಲತಾಣಕ್ಕೆ ಹಕ್ಕಿಪಟ್ಟಿ ಹಾಕಬಹುದು. ಅಲ್ಲಿ “ಪೂರ್ಣ ಪಟ್ಟಿಯೇ?” ಎಂದು ಕೇಳುತ್ತಾರೆ. ಅಂದರೆ ಗುರುತು ಸಿಕ್ಕ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ, ಇಲ್ಲಾ ಚೆಂದದ್ದನ್ನು ಮಾತ್ರ ಆರಿಸಿದ್ದೀರಾ ಎಂದು. ಕಾಗೆ, ಪಾರಿವಾಳ ಬಿಡಬೇಡಿ. ಪಟ್ಟಿ ಪೂರ್ಣವಾಗಿದ್ದರೆ ಮಾತ್ರ ಅದರಲ್ಲಿ ಇಲ್ಲದ ಹಕ್ಕಿ ಅವತ್ತು ಅಲ್ಲಿ ಕಾಣಲಿಲ್ಲ ಎಂದು ಲೆಕ್ಕ ಹಾಕಲು ಬರುತ್ತದೆ. ಇಂದಿನ ಮಾಮೂಲಿ ಹಕ್ಕಿ ನಾಳೆ ಕಡಿಮೆಯಾದರೆ ತಿಳಿಯುವುದೂ ಹಾಗೆಯೇ.

ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ, ಮರಿ ಹಾರಿಹೋಗುವವರೆಗೆ ಫೋಟೋವನ್ನೂ ತಡೆಹಿಡಿಯಿರಿ. ಗೂಡಿನ ಮುಂದಿನ ಎಲೆ ಸರಿಸಿ ಫೋಟೋ ತೆಗೆದರೆ ಮರೆ ಹೋಯಿತು, ಕಾಗೆಗೆ ದಾರಿ ತೋರಿಸಿದಂತಾಯಿತು. ಐನ್ಯಾಚುರಲಿಸ್ಟಿನಲ್ಲಿ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯಿದೆ, ಮನೆಯ ಅಂಗಳದ ದಾಖಲೆಗೂ ಅದನ್ನೇ ಒತ್ತಿ.

ಮರಿ ನೆಲಕ್ಕೆ ಬಿದ್ದಿದ್ದರೆ?

ನಡಿಗೆ ಶುರು ಮಾಡಿದ ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ. ಮೈತುಂಬ ಗರಿ, ಮೋಟು ಬಾಲ, ನೆಲದ ಮೇಲೆ ಕುಪ್ಪಳಿಸುತ್ತಿದೆ ಎಂದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ತಾಯಿ ತಂದೆ ಹತ್ತಿರದಲ್ಲೇ ಇದ್ದು ನೀವು ಹೋಗಲೆಂದು ಕಾಯುತ್ತಿವೆ. ನಾಯಿ ಬೆಕ್ಕು ಇದ್ದರೆ ಪಕ್ಕದ ಪೊದೆಯ ಮೇಲೆ ಕೂರಿಸಿ ದೂರ ಸರಿಯಿರಿ. ಕಣ್ಣು ಬಿಡದ, ಗರಿ ಮೂಡದ ಮರಿಯಾದರೆ, ಗೂಡು ಕೈಗೆ ಸಿಗುವಂತಿದ್ದರೆ, ಮೆಲ್ಲಗೆ ವಾಪಸ್ಸಿಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ನಿಜವಲ್ಲ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಬೆಚ್ಚಗಿಟ್ಟು ವನ್ಯಜೀವಿ ರಕ್ಷಣೆಯವರಿಗೆ ಮುಟ್ಟಿಸಿ. ಅಲ್ಲಿಯವರೆಗೆ ಕೊಕ್ಕು ಬಿಡಿಸಿ ನೀರು ಹನಿಸಲು ಹೋಗಬೇಡಿ, ಅದು ಹೊಟ್ಟೆಗಿಳಿಯುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ.